ನಲವತ್ತು ನಿಮಿಷ

ಹೆಲ್ದುರನ ದಿನಕ್ಕೆ ನಲವತ್ತು ನಿಮಿಷ ಹೆಚ್ಚು.
ಕಣ್ಣಿಗೆ ಬೆಳಕಿಲ್ಲ; ಮೈಯೊಳಗಿನ ಗಡಿಯಾರಕ್ಕೆ
ಕೀಲಿ ಕೊಡುವವರಿಲ್ಲ.

ಇಂದು ಹತ್ತಕ್ಕೆ ಬಂದ ನಿದ್ದೆ
ನಾಳೆ ಹತ್ತೂ ನಲವತ್ತಕ್ಕೆ,
ಆಮೇಲೆ ನಡುರಾತ್ರಿ, ಆಮೇಲೆ ಹಾಡುಹಗಲು
ಬ್ರಷ್ ಕಟ್ಟುವ ಕಾರ್ಖಾನೆಯಲ್ಲಿ
ಹಂದಿಗೂದಲ ಕಂತೆಯ ಮೇಲೇ ತಲೆಯಿಟ್ಟು.
"ಕುಡುಕ" ಅಂದರು. ಅವನೂ ನಂಬಿದ್ದ, ಅರ್ಧ.
ಮೂವತ್ತಾರು ದಿನಕ್ಕೊಮ್ಮೆ ಮಾತ್ರ
ತಾರ್ತು ಊರೂ ಅವನೂ
ಒಂದೇ ಹೊತ್ತಿಗೆ ಮಲಗುತ್ತಿದ್ದರು.

ನಾನು ಪ್ರಯೋಗಾಲಯದ ರಾತ್ರಿಪಾಳಿಯವಳು.
ಮಬ್ಬು ದೀಪದಡಿ, ಗಂಟೆಗೊಮ್ಮೆ
ಅವನ ಎಂಜಲನ್ನು ಹತ್ತಿಯಲ್ಲಿ ಹಿಡಿದು
ಹೆಸರು, ಹೊತ್ತು ಬರೆದು ಫ್ರಿಜ್ಜಿಗಿಟ್ಟೆ.
ಡಾಕ್ಟರ್ ವೈಕೆ ಗೆರೆ ಎಳೆದು ನೋಡಿ
ಒಂದು ಸಣ್ಣ ಮಾತ್ರೆ, ದಿನಾ ರಾತ್ರಿ ಒಂಬತ್ತಕ್ಕೆ, ಅಂದರು.

ನಾಲ್ಕು ತಿಂಗಳು. ಗೆರೆ ಜಾರುವುದು ನಿಂತಿತು.

ನಿನ್ನೆ ಬಂದಿದ್ದ, ನನ್ನ ಪಾಳಿ ಮುಗಿವ ಹೊತ್ತಿಗೆ, ಇಸ್ತ್ರಿ ಅಂಗಿಯಲ್ಲಿ.
ನನಗೊಂದು ಬಟ್ಟೆ ಬ್ರಷ್ ತಂದಿದ್ದ.
"ಎಲ್ಲ ಸರಿಹೋಯ್ತು," ಅಂದ. ತಡೆದು, "ಆದರೆ
ರಾತ್ರಿ ಮೂರಕ್ಕೆ ರೈ ರೊಟ್ಟಿ ಬೇಯುವ ವಾಸನೆ
ಯಾವ ಕಡೆಯಿಂದ ಬರುತ್ತಿತ್ತೋ, ಮರೆಯುತ್ತಿದೆ."

ಈಗ ಮೂರು. ಕಿಟಕಿ ತೆರೆದಿದ್ದೇನೆ.
ಅವನು ಮಲಗಿರಲಿ.
ವಾಸನೆ ಸೇತುವೆಯ ಕಡೆಯಿಂದ.