ತೂತಿನ ಎಲೆ

ಎರ್ಬಾದಲ್ಲಿ ಬಳ್ಳಿಯೆಂದರೆ ಎಲೆ; ದ್ರಾಕ್ಷಿ ಆಮೇಲಿನ ಮಾತು.
ಮೇ ತಿಂಗಳು, ಇಬ್ಬನಿ ಆರಿದ ಮೇಲೆ,
ತುದಿಯಿಂದ ಮೂರನೆಯದು, ನಾಲ್ಕನೆಯದು
ನೋಡಿ ನೋಡಿ ಕೊಯ್ಯುತ್ತೇವೆ ನಾನೂ ನನ್ನತ್ತೆ ನೆಜಿಹೆಯೂ.
ಅಂಗೈ ಅಗಲ, ಕೂಸಿನ ಕಿವಿಯಷ್ಟು ಮೆತ್ತಗೆ.
ಐವತ್ತರ ಕಟ್ಟು, ಉಪ್ಪುನೀರು, ನೀಲಿ ಪೀಪಾಯಿ.

ಹೋದ ವರ್ಷ ಹನ್ನೊಂದು ಪೀಪಾಯಿ
ಹಡಗೇರದೆ ಬಂದರಿನಿಂದಲೇ ವಾಪಸು ಬಂದವು.
ಜೊತೆಗೊಂದು ಕಾಗದ: ಆರು ಔಷಧಿಗಳ ಹೆಸರು,
ಒಂದೊಂದರ ಪಕ್ಕ ಸೊನ್ನೆ, ಚುಕ್ಕಿ, ಸೊನ್ನೆ, ಯಾವುದೋ ಅಂಕಿ.
"ಸೊನ್ನೆ ಅಂದಮೇಲೆ ಇಲ್ಲ ಅಂತಲ್ಲವೇ?" ಅಂದಳು ಅತ್ತೆ.
ನಾನು ಸಂಸುನಿನ ಶಾಲೆಯಲ್ಲಿ ಓದಿದವಳು,
ಚುಕ್ಕಿಯಾಚೆಗಿನದನ್ನು ಹೇಗೆ ಹೇಳಲಿ?
ಒಂದು ಪೀಪಾಯಿಗೆ ಒಂದು ಸಾಸಿವೆ ಅಂದೆ.
"ಸಾಸಿವೆಗಾಗಿ ಪೀಪಾಯಿ ಚೆಲ್ಲುತ್ತಾರಾ!"
ಆರು ಸಾಸಿವೆ, ಅತ್ತೆ.

ತೊಳೆದಳು.
ಮೂರು ನೀರಲ್ಲಿ ತೊಳೆದಳು, ವಿನೆಗರಿನಲ್ಲಿ, ಅಡುಗೆ ಸೋಡಾದಲ್ಲಿ,
ಮದುವೆಯಡುಗೆಗೆ ಮಾತ್ರ ಇಳಿಯುವ ತಾಮ್ರದ ಕೊಪ್ಪರಿಗೆಯಲ್ಲಿ,
ಬೆರಳ ತುದಿ ಬೆಳ್ಳಗೆ ಸುಕ್ಕಾಗುವ ತನಕ.
ಮಾದರಿ ಮತ್ತೆ ಹೋಯಿತು. ಕಾಗದ ಮತ್ತೆ ಬಂತು.
ನಾಲ್ಕು ಹೆಸರು ಹೋಗಿದ್ದವು, ಎರಡು ಉಳಿದಿದ್ದವು.
ಮೇಲೆ ಕೂತದ್ದು ಹೋಯಿತು ಅಂದೆ.
ಉಳಿದದ್ದು ಎಲೆಯ ಮೇಲಿಲ್ಲ,
ಎಲೆಯಲ್ಲಿದೆ.

ಬೇಲಿಯಾಚೆ ಅತ್ತೆಯ ಮೈದುನ ಸೆಲಾಮಿ,
ಬೆನ್ನಿಗೆ ಡಬ್ಬಿ, ಮೂಗಿಗೆ ಹೆಂಡತಿಯ ತಲೆವಸ್ತ್ರ.
"ನನ್ನದು ಹಣ್ಣಿನ ಲೆಕ್ಕ ಅತ್ತಿಗೆ. ಹಣ್ಣಿಗಿನ್ನೂ ಮೂರು ತಿಂಗಳಿದೆ.
ಸಿಂಪಡಿಸಿ ಇಷ್ಟು ದಿನ ಕಾಯಿರಿ ಅಂತ ಡಬ್ಬಿಯ ಮೇಲೇ ಇದೆ.
ಎಲೆಯ ಸುದ್ದಿ ಎಲ್ಲಿದೆ, ತೋರಿಸು?"
ಕೆಟ್ಟವನಲ್ಲ. ನನ್ನ ಮಗಳಿಗೆ
ಹಸಿ ಕೊಂಬೆ ಕೊರೆದು ಪೀಪಿ ಮಾಡಿಕೊಟ್ಟವನು.

ಈ ವರ್ಷ, ಯಾರನ್ನೂ ಬೈಯದೆ,
ಆಕ್ರೋಡು ಮರದ ಹಿಂದಿನ ಇಪ್ಪತ್ತಮೂರು ಬಳ್ಳಿಗೆ
ಅತ್ತೆ ಕೆಂಪು ಉಣ್ಣೆದಾರ ಕಟ್ಟಿದಳು.
ಸೆಲಾಮಿ ದಾರದ ತನಕ ಬಂದ, ನಿಂತ, ತಿರುಗಿದ.
ಗಾಳಿಗೆ ದಾರ ಕಾಣಿಸಲಿಲ್ಲ.
ಮೊದಲ ಸಾಲನ್ನು ನಾವು ಕೊಯ್ಯಲಿಲ್ಲ.

ಜೂನಿಗೆ ಹುಳು ಬಂತು.
ಎಲೆಯೆಲ್ಲ ತೂತು, ಬಸ್ಸಿನ ಟಿಕೆಟಿನ ಹಾಗೆ.
ಸಗಟಿನವ ಒಂದನ್ನೆತ್ತಿ, ತೂತಿನೊಳಗಿಂದ ನನ್ನನ್ನೇ ನೋಡಿದ:
"ಇದರಲ್ಲಿ ನುಚ್ಚು ನಿಲ್ಲುತ್ತಾ?"
"ನನಗಿಂತ ಮೊದಲು ಒಂದು ಬಾಯಿ ತಿಂದು ಬದುಕಿದೆ," ಅಂದಳು ಅತ್ತೆ,
"ರುಚಿ ನೋಡಿ ಹೇಳುವವರು ಸುಲ್ತಾನರಿಗೆ ಮಾತ್ರ ಇರಬೇಕಾ?"
ಎಂಜಲೆನ್ನಲೋ ಸಾಕ್ಷಿಯೆನ್ನಲೋ
ತಿಳಿಯದೆ ನಾನು ಹುಳದ ಪರ ಸುಮ್ಮನಿದ್ದೆ.
ಮೂರು ಕಟ್ಟು ಕೊಂಡ, ಅರ್ಧ ಬೆಲೆಗೆ.

ಉಳಿದದ್ದನ್ನು ರಾತ್ರಿ ಸುತ್ತಲು ಕೂತೆವು.
ನುಣುಪು ಮೈ ಕೆಳಗೆ, ನರದ ಮೈ ಮೇಲೆ,
ತೂತಿನ ಮೇಲೆ ಎಳೆಯೆಲೆಯ ಚೂರೊಂದು ತೇಪೆ.
ಕಾಲುಚೀಲ ಹೊಲಿಯುವ ಅವೇ ಬೆರಳು, ಅದೇ ಗೊಣಗು.
ಗೋಧಿನುಚ್ಚು, ಒಡೆದ ಕಾಳು, ಹಿತ್ತಲ ಪುದೀನ,
ಮಡಚಿ, ಉರುಳಿಸಿ, ಪಾತ್ರೆಯ ತಳಕ್ಕೆ ಒತ್ತಾಗಿ,
ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಕಲ್ಲು.

ಊಟಕ್ಕೆ ಸೆಲಾಮಿ ಬಂದ.
ಯಾರೂ ಹೇಳದೆ ಮೊಣಕೈವರೆಗೆ ಸೋಪು ಹಚ್ಚಿ
ಎರಡು ಸಲ ತೊಳೆದ. ಕೂತು ಹದಿನಾಲ್ಕು ತಿಂದ.
ತೇಪೆ ಬಿಚ್ಚಿ ಹರಡಿದವನ್ನು
ಅತ್ತೆ ತನ್ನ ತಟ್ಟೆಗೆ ಎಳೆದುಕೊಂಡಳು.

ಈರುಳ್ಳಿ ಮಾತ್ರ ಪೇಟೆಯದು.
ಅದರ ಮಾತು ಯಾರೂ ಎತ್ತಲಿಲ್ಲ.