ಇಳಿದದ್ದರ ಲೆಕ್ಕ

ದೀಪಾವಳಿ ಕಳೆದ ವಾರ, ಐದೂ ಮುಕ್ಕಾಲು.
ಕಡೂರಿನಾಚೆ ಕಾವಲಿನ ಹುಲ್ಲು
ಕಾಲಡಿ ಇನ್ನೂ ಬಿಸಿ; ಕಿವಿಗೆ ಆಗಲೇ ಚಳಿ.

ಮೊದಲ ಗಿಡುಗ ಬರುವುದು ಕಾಣುವುದಿಲ್ಲ,
ಬಂದಿರುತ್ತದೆ.
ರೆಕ್ಕೆಯೆರಡನ್ನೂ ಅರೆಬರೆ ಎತ್ತಿ
ಬಿದ್ದ ಬೀಗದಕೈ ಹುಡುಕುವವರ ಹಾಗೆ
ಹುಲ್ಲಿನ ತುದಿಗೇ ತೂಗುತ್ತ.

ಒಂದು. ನಾಲ್ಕು. ಹನ್ನೊಂದು.
ನನ್ನ ಕೈಯ ಕೌಂಟರ್ ಟಿಕ್ಕೆನ್ನುತ್ತದೆ.
ಚಿತ್ತಯ್ಯ ಕುರಿ ಎಣಿಸುವ ಪದ್ಧತಿಯಲ್ಲೇ
ಎಡಜೇಬಿನ ಕಲ್ಲು ಬಲಜೇಬಿಗೆ ದಾಟಿಸುತ್ತಾನೆ.
ಬೆರಳು ಮಾಡುವುದಿಲ್ಲ. ಬೆರಳು ಮಾಡಿ ಎಣಿಸಿದರೆ
ಮಂದೆ ಕರಗುತ್ತದಂತೆ.
"ಹಾರಾದ್ನ ಎಣಿಸ್ಬ್ಯಾಡಿ ಮೇಷ್ಟ್ರೇ,
ಇಳಿದಿದ್ದ ಎಣಿಸ್ರಿ."

ಇಳಿದದ್ದೂ ಏಳುತ್ತದಲ್ಲ!
ಪಕ್ಕದ್ದರ ಜೊತೆ ಜಗಳಕ್ಕೋ, ಸುಮ್ಮನೆಯೋ,
ಒಂದು ಸುತ್ತು ಹೊಡೆದು ಬೇರೆಲ್ಲೋ ಕೂರುತ್ತದೆ.
ಮೂವತ್ತೆಂಟು ಇದ್ದದ್ದು ನಲವತ್ತೊಂದು,
ತಡಿ, ಮೂವತ್ತೊಂಬತ್ತು.

ಕಜಕಸ್ತಾನದ ಹುಲ್ಲು ಬಿಟ್ಟು
ಈ ಹುಲ್ಲಿಗೆ ಮಲಗಲು ಬಂದದ್ದು
ನನ್ನ ಪಟ್ಟಿಯಲ್ಲಿ ಒಂದು ಗೀಟು.
ಅದೂ ಅನುಮಾನದ್ದು.

ಕತ್ತಲಾಯಿತು.
ನನ್ನದು ನಲವತ್ತೊಂದು.
ಚಿತ್ತಯ್ಯ ಬಲಜೇಬು ಸುರುವಿ ಎಣಿಸಿದ: ಮೂವತ್ತಾರು ಕಲ್ಲು.
ಆಮೇಲೆ ಜೇಬು ಹೊರಗೆಳೆದು
ಅದರ ತೂತಿನಲ್ಲಿ ಬೆರಳು ತೂರಿಸಿ,
ಕಾವಲಿನ ಕಡೆಗಲ್ಲ,
ನನ್ನ ಕಡೆಗೆ ಆಡಿಸಿದ.