ನಾಲ್ಕು ಚೌಕ

ವಿಮೆ ಕಂಪನಿಯ ಫಾರಮ್ಮಿನಲ್ಲಿ ನಾಲ್ಕೇ ಚೌಕ:
ಪ್ಯಾನೆಲ್ ಕೂರಿಸಿದ ಇಸವಿ.
ಸುಮಾರು ಎಂದು ಬರೆಯಲು
ಐದನೆಯ ಚೌಕ ಕೊಟ್ಟಿಲ್ಲ.

ವಿನಿಪೆಗ್ಗಿನ ಉತ್ತರದ ತುದಿ. ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ.
ಇಟ್ಟಿಗೆ ಕಟ್ಟಡದ ನೆಲಮಾಳಿಗೆಗೆ
ಟಾರ್ಚು ಹಿಡಿದು ಮೇಲ್ವಿಚಾರಕ ರೊಡೆಲ್ ಮುಂದೆ,
ಕೈಗವಸು ಹಲ್ಲಲ್ಲಿ ಕಚ್ಚಿಕೊಂಡು ನಾನು ಹಿಂದೆ.
ಮೇನ್ ಇಳಿಸಿದೆ. ಮೇಲೆಲ್ಲೋ ಒಂದು ಫ್ರಿಜ್ಜು
ನಿಟ್ಟುಸಿರಿಟ್ಟು ಸುಮ್ಮನಾಯಿತು.

ಎಲ್ಝೆಯಾರ್ ಅಜ್ಜ ಕುದುರೆ ವ್ಯಾಪಾರಿ.
ತುಟಿ ಎತ್ತಿ ಹಲ್ಲು ನೋಡಿ ಹೇಳುತ್ತಿದ್ದನಂತೆ:
ಒಂಬತ್ತು ವರ್ಷ. ಒಡೆಯ ಆರು ಅನ್ನುತ್ತಾನೆ, ಅನ್ನಲಿ.
ಮೊಮ್ಮಗಳಿಗೂ ಅದೇ ಕಸುಬು ಬಂತು.
ಈ ಕಪ್ಪು ತಗಡಿನ ಬಾಯಿ ತೆರೆದರೆ
ಪಿಂಗಾಣಿಯ ಎಂಟು ಹಲ್ಲು,
ಒಂದು ಹುಳುಕು.

ಮುಚ್ಚಳದ ಒಳಮೈಗೆ ಪೇಟೆಂಟಿನ ತಾರೀಖುಗಳು, ಸಾಲಾಗಿ,
ಕೊನೆಯದು ಮೂವತ್ತೆಂಟು.
ಹೊಸ ಹುಡುಗರು ಅದನ್ನೇ ಬರೆದುಕೊಂಡು ಊಟಕ್ಕೆ ಹೋಗುತ್ತಾರೆ.
ಅದು ಹುಟ್ಟಿದ ದಿನವಲ್ಲ,
ಅದಕ್ಕೂ ಮುಂಚೆ ಹುಟ್ಟಿರಲಿಲ್ಲ ಎಂಬ ಮಾತು, ಅಷ್ಟೇ.
ಆಮೇಲೆ ಯಾವ ಗೋದಾಮಿನಲ್ಲಿ
ಎಷ್ಟು ಚಳಿಗಾಲ ಮಲಗಿತ್ತೋ.

ಗೋಡೆಗೆ ಮೂರು ಪದರ: ಹಸಿರು, ಕೆನೆ, ಆಸ್ಪತ್ರೆಯ ನೀಲಿ.
ಪೆಟ್ಟಿಗೆಯ ಅಂಚಿಗೆ ಸಿಡಿದದ್ದು ಎರಡೇ. ಹಸಿರಿಲ್ಲ.
ಅಂದರೆ ಹಸಿರಿನ ಆಚೆಗೆ ಬಂದದ್ದು.
ಹಸಿರು ಬಳಿದದ್ದು ಯಾವಾಗ?
ರೊಡೆಲ್ ಭುಜ ಕುಣಿಸಿದ. ಅವನು ಇಲೊಯ್ಲೊದಿಂದ ಬಂದಿಳಿದಾಗ
ನೀಲಿಯೇ ಸುಲಿಯತೊಡಗಿತ್ತು.

ಟಾರ್ಚು ಸರಿಸು, ಎಂದೆ.
ಎಷ್ಟು ಬಳಿದರೂ ಮೇಲೆದ್ದು ಬರುವ ಕಂದು ಗೆರೆ,
ಎದೆಯೆತ್ತರಕ್ಕೆ, ಗೋಡೆಯುದ್ದಕ್ಕೂ:
ಐವತ್ತರ ನೆರೆಯಲ್ಲಿ ರೆಡ್ ನದಿ ಎಳೆದದ್ದು.
ಪೆಟ್ಟಿಗೆ ಕೂತ ಹಲಗೆಯ ಬಳಿ ನಿಂತುಬಿಟ್ಟಿದೆ,
ಆಚೆ ಮಗ್ಗುಲಲ್ಲಿ ಮತ್ತೆ ಶುರು.
ಸಿಕ್ಕಿಬಿದ್ದೆಯಾ, ಎಂದೆ ಪೆಟ್ಟಿಗೆಗೆ,
ನೀರಿಳಿದ ಮೇಲೆ ಬಂದವನು ನೀನು.
ಪೆನ್ನಿನ ಟೋಪಿ ಬಿಚ್ಚಿದ್ದೆ.

ಏನನ್ನಿಸಿತೋ,
ತಿರುಪು ಸಡಿಲಿಸಿ, ದಂತವೈದ್ಯರ ಪುಟ್ಟ ಕನ್ನಡಿಯನ್ನು
ಹಲಗೆಯ ಬೆನ್ನಿಗೆ ತೂರಿಸಿದೆ.
ಅಲ್ಲೂ ಅದೇ ಕಂದು ಗೆರೆ! ಆದರೆ ತಲೆಕೆಳಗು,
ನೀರು ಕುಡಿದ ಕಪ್ಪು ಮೇಲೆ, ಒಣ ಮರ ಕೆಳಗೆ.
ಮುಳುಗಿದ ಹಲಗೆಯನ್ನೇ ಮಗುಚಿ
ಮತ್ತೆ ಜಡಿದಿದ್ದಾರೆ ಪುಣ್ಯಾತ್ಮರು.

ನಾಲ್ಕನೆಯ ಮನೆಯ ಮಿಸ್ ಕುಜಿಕ್
ಶಾಲು ಹೊದ್ದು ಮೆಟ್ಟಿಲ ಮೇಲೆ ನಿಂತಿದ್ದರು.
'ಅಪ್ಪನೇ ಆಗ ಇಲ್ಲಿ ಬಾಯ್ಲರು ನೋಡಿಕೊಳ್ಳುತ್ತಿದ್ದದ್ದು.
ಆ ಪೆಟ್ಟಿಗೆಯನ್ನು ಕಳಚಿ ತಂದು
ಕಾಲುಚೀಲಗಳ ಜೊತೆ ಒಲೆಯ ಪಕ್ಕ ಒಣಗಿಸಿದ. ಕಣ್ಣಾರೆ ಕಂಡೆ.'
ಎರಡು ಮೆಟ್ಟಿಲು ಹತ್ತಿ, ತಿರುಗಿ:
'ಅಥವಾ ಅದು ರೇಡಿಯೋ ಇತ್ತೇನೋ.'

ಉಳಿದದ್ದು ಹುಳುಕು ಹಲ್ಲು.
ಫ್ಯೂಸು ತಿರುಗಿಸಿ ತೆಗೆದರೆ, ಅದರ ಬುಡದಲ್ಲಿ
ಒಂದು ಸೆಂಟಿನ ತಾಮ್ರ.
ಫ್ಯೂಸು ಹಾರಿದ ಯಾವುದೋ ರಾತ್ರಿ, ಅಂಗಡಿ ಮುಚ್ಚಿದ ಹೊತ್ತು,
ಯಾರದೋ ಜೇಬಿನಿಂದ ಹೊರಟು ಇಲ್ಲಿ ಕೂತದ್ದು.
ಅಂದಿನಿಂದ ಮೇಲಿನ ನಾಲ್ಕು ಮನೆ
ಇಸ್ತ್ರಿ ಮಾಡಿದ್ದು, ಬ್ರೆಡ್ಡು ಸುಟ್ಟದ್ದು, ನಿದ್ದೆ ಹೋದದ್ದು
ಎಲ್ಲ ಈ ಕಾಸಿನ ಮೇಲೆ.

ಅಂಗೈಯಲ್ಲಿಟ್ಟು ಉಜ್ಜಿದೆ.
ರಾಜನ ಕುತ್ತಿಗೆ ಕರಗಿ ಗದ್ದಕ್ಕೆ ಅಂಟಿದೆ.
ಇಸವಿಯ ಜಾಗದಲ್ಲಿ
ಒಂದು. ಒಂಬತ್ತು.
ಆಮೇಲೆ ಎರಡು ಸುಟ್ಟ ಬೊಬ್ಬೆ.

ಎರಡು ಚೌಕ ತುಂಬಿದೆ.

'ಬದಲಾಯಿಸಲೇಬೇಕಾ?' ಎಂದ ರೊಡೆಲ್,
ಕಾಸನ್ನು ಟಾರ್ಚಿನ ಬೆಳಕಿಗೆ ಹಿಡಿದು.
ಇವತ್ತೇ, ಎಂದೆ. ವಯಸ್ಸಾಯಿತು ಅಂತಲ್ಲ.
'ಇದು ಅಂಗಡಿಯಲ್ಲಿ ನಡೆಯುತ್ತಾ?'
ಸೆಂಟು ಈಗೆಲ್ಲೂ ನಡೆಯೋದಿಲ್ಲ ರೊಡೆಲ್, ಇಲ್ಲೊಂದು ಕಡೆ ನಡೀತಿತ್ತು.

ಕತ್ತಲ ಮೆಟ್ಟಿಲಿಂದ ಮಿಸ್ ಕುಜಿಕ್ ಕೂಗು:
'ಚಹಾಕ್ಕೆ ನೀರಿಟ್ಟಿದ್ದೆ ಕಣಮ್ಮಾ,
ಕರೆಂಟು ಯಾವಾಗ?'